ತವರು, ಗಂಡನ ಮನೆ, ರಾಜ್ಯದ ಗಡಿ: ಸೆರೆಯಿಂದ ಹೊರಬರುವ ಗಡಿನಾಡ ಕನ್ನಡತಿಯರ ಮರುನೆಲೆ

1978ರ ಆಗಸ್ಟ್ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಮೋತಿರಾಮ್ ಎಂಬ ಗಾರೆಕೆಲಸದವನ ಅರ್ಜಿ ಬಂದಿತು. ಆತನನ್ನು ಜಾಮೀನಿನ ಮೇಲೆ ಬಿಡುವಂತೆ ಅದೇ ನ್ಯಾಯಾಲಯ ಮೊದಲೇ ಆದೇಶಿಸಿತ್ತು. ಆದರೆ ಮಧ್ಯಪ್ರದೇಶದ ಕೆಳಗಿನ ನ್ಯಾಯಾಲಯವು 10,000 ರೂಪಾಯಿಯ ಭದ್ರತೆ ಕೇಳಿತು. ಒಡಹುಟ್ಟಿದವನು ಜಾಮೀನಿಗೆ ನಿಲ್ಲಲು ಬಂದರೆ, ಅವನೂ ಅವನ ಆಸ್ತಿಯೂ ಬೇರೆ ಜಿಲ್ಲೆಯಲ್ಲಿವೆ ಎಂದು ಅವನನ್ನು ನಿರಾಕರಿಸಿತು. ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಈ ನಿರಾಕರಣೆಯನ್ನು ತಳ್ಳಿಹಾಕಿ, ಮೋತಿರಾಮನನ್ನು 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಲು ಹೇಳಿದರು. ಆ ತೀರ್ಪಿನಲ್ಲಿ ಅವರು ಕೇಳಿದ ಒಂದು ಪ್ರಶ್ನೆ ಗಡಿನಾಡಿನ ಓದುಗರಿಗೆ ಇಂದಿಗೂ ಹತ್ತಿರದ್ದು. ಒಬ್ಬ ಮಲಯಾಳಿಯೋ ಕನ್ನಡಿಗನೋ ತಮಿಳನೋ ತೆಲುಗನೋ ಬಸ್ತರಿನಲ್ಲೋ ಪೋರ್ಟ್ ಬ್ಲೇರಿನಲ್ಲೋ ಚಾಂದನಿ ಚೌಕದಲ್ಲೋ ಬಂಧಿತನಾದರೆ, ಅಲ್ಲಿ ಆಸ್ತಿಯುಳ್ಳ ಜಾಮೀನುದಾರನನ್ನು ಎಲ್ಲಿಂದ ತಂದಾನು? ಬೇರೆ ಊರಿನ ಜಾಮೀನನ್ನಾಗಲಿ, ಆ ಪ್ರದೇಶದ್ದಲ್ಲದ ಭಾಷೆಯ ಅರ್ಜಿಯನ್ನಾಗಲಿ ಒಲ್ಲೆನೆನ್ನಲು ಯಾವ ಕಾನೂನಿದೆ?

ಇದೇ ನ್ಯಾಯಮೂರ್ತಿಗಳ ಅಧ್ಯಕ್ಷತೆಯಲ್ಲಿ ನೇಮಕಗೊಂಡ ಮಹಿಳಾ ಕೈದಿಗಳ ಕುರಿತ ರಾಷ್ಟ್ರೀಯ ತಜ್ಞರ ಸಮಿತಿ 1987ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಅವರು ತಲಶ್ಶೇರಿಯಲ್ಲಿ ವಕೀಲರಾಗಿದ್ದವರು, 1948ರಲ್ಲಿ ತಾವೇ ಸೆರೆಮನೆ ಕಂಡವರು, 1957ರ ಕೇರಳದ ಮೊದಲ ಮಂತ್ರಿಮಂಡಲದಲ್ಲಿ ಕಾನೂನು, ಸೆರೆಮನೆ ಖಾತೆಗಳನ್ನು ನೋಡಿಕೊಂಡವರು. ಅವರ ಹುಟ್ಟುಹಬ್ಬವಾದ ನವೆಂಬರ್ 15ನ್ನು ಕೇರಳ ಪ್ರೊಬೇಷನ್ ದಿನವಾಗಿ ಆಚರಿಸುತ್ತದೆ. ಹೀಗಿದ್ದೂ ಅವರ ಎರಡು ಕಾಳಜಿಗಳನ್ನು, ಎಂದರೆ ಭಾಷೆ-ಪ್ರದೇಶಗಳ ಹೆಸರಿನಲ್ಲಿ ಬಿಡುಗಡೆ ತಡೆಯುವುದನ್ನೂ ಹೆಣ್ಣುಮಕ್ಕಳ ಸೆರೆವಾಸವನ್ನೂ, ಒಟ್ಟಿಗಿಟ್ಟು ಓದಿದ್ದು ಕಡಿಮೆ. ಗಡಿನಾಡಿನ ಕನ್ನಡ ಹೆಣ್ಣುಮಗಳ ವಿಷಯದಲ್ಲಿ ಅವೆರಡನ್ನೂ ಬೇರ್ಪಡಿಸಿ ಓದಲು ಬರುವುದಿಲ್ಲ.

ಕಾರಣ ಸರಳವಾದದ್ದು. ಭಾಷಾ ಅಲ್ಪಸಂಖ್ಯಾತರಿಗೆ ಈ ದೇಶದಲ್ಲಿರುವ ರಕ್ಷಣೆಗಳು ಬಹುಮಟ್ಟಿಗೆ ನೆಲಕ್ಕೆ ಅಂಟಿದವು. ತಾಲೂಕಿನಲ್ಲಿ ಶೇಕಡಾ 15ರಷ್ಟು ಜನರಿದ್ದರೆ ನಿಯಮ, ಪ್ರಕಟಣೆಗಳು ಅವರ ಭಾಷೆಯಲ್ಲೂ ಬರಬೇಕು ಎಂಬ ಒಪ್ಪಂದವಾಗಲಿ, 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಕೊಟ್ಟಿರುವ ಪತ್ರವ್ಯವಹಾರದ ಹಕ್ಕಾಗಲಿ, ಸ್ಥಳೀಯ ಕಚೇರಿಯ ಮಟ್ಟದಲ್ಲಿ ನಿರ್ದಿಷ್ಟ ಪ್ರದೇಶಗಳ ಎಲ್ಲೆಯೊಳಗಿನ ಹಕ್ಕುಗಳು. ಸೆರೆವಾಸವೋ ವ್ಯಕ್ತಿಯನ್ನು ಆ ಎಲ್ಲೆಯಿಂದಲೇ ಕಿತ್ತು ಬೇರೆಡೆ ಇಡುತ್ತದೆ. ಗಂಡಸಾದರೆ ಹತ್ತಿರದ ಉಪಕಾರಾಗೃಹವೋ ಜಿಲ್ಲಾ ಕಾರಾಗೃಹವೋ ಸಿಗಬಹುದು. ಹೆಣ್ಣುಮಕ್ಕಳ ಸಂಖ್ಯೆ ಕಡಿಮೆಯೆಂಬ ಕಾರಣಕ್ಕೇ ಅವರಿಗೆ ಮೀಸಲಾದ ಸೆರೆಮನೆಗಳೂ ಕೆಲವೇ ಕೆಲವು, ದೂರ ದೂರ. ಮಂಜೇಶ್ವರದ ಹೆಣ್ಣುಮಗಳಿಗೆ ಹತ್ತಿರದ ಮಹಿಳಾ ಕಾರಾಗೃಹ ಕಣ್ಣೂರಿನದು, ನೂರು ಕಿಲೋಮೀಟರಿಗೂ ಆಚೆ. ನೀಲಗಿರಿ ಮತ್ತು ತಾಳವಾಡಿಯವಳಿಗೆ ಕೊಯಮತ್ತೂರು, ಅಕ್ಕಲಕೋಟೆ ಮತ್ತು ಜತ್ತಿನವಳಿಗೆ ಪುಣೆಯ ಯೆರವಾಡ, ರಾಯದುರ್ಗ ಮಡಕಶಿರಾದವಳಿಗೆ ಕಡಪ. ಮಂಜೇಶ್ವರದ ಪಂಚಾಯತಿ ಕಚೇರಿಯಲ್ಲಿ ಕನ್ನಡದ ಅರ್ಜಿಗೆ ಇರುವ ಬೆಲೆ ಕಣ್ಣೂರಿನ ಸೆರೆಮನೆಯ ಕಚೇರಿಯಲ್ಲಿ ತಾನಾಗಿ ಸಿಗುವುದಿಲ್ಲ.

ಯಾರು ಹೊರಬರುತ್ತಾರೆ?

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸಿದ ಲೆಕ್ಕದಂತೆ 2022ರ ಕೊನೆಯ ದಿನ ದೇಶದ ಸೆರೆಮನೆಗಳಲ್ಲಿ 5,73,220 ಜನರಿದ್ದರು. ಅವರಲ್ಲಿ ಹೆಣ್ಣುಮಕ್ಕಳು 23,772, ಎಂದರೆ ನೂರಕ್ಕೆ ನಾಲ್ವರು. ಒಟ್ಟು ಕೈದಿಗಳಲ್ಲಿ ಮುಕ್ಕಾಲು ಪಾಲು ಜನ ವಿಚಾರಣಾಧೀನರು. ಹೆಣ್ಣುಮಕ್ಕಳಲ್ಲೂ ಪ್ರಮಾಣ ಹೆಚ್ಚುಕಡಿಮೆ ಇದೇ. ಬಿಡುಗಡೆಯ ನಂತರದ ಪುನರ್ವಸತಿಯ ಬಗ್ಗೆ ನಡೆದಿರುವ ಚರ್ಚೆಯನ್ನು ಈ ಅಂಕಿಯ ಪಕ್ಕದಲ್ಲಿಟ್ಟು ನೋಡಬೇಕು. 1954ರಲ್ಲಿ ದುರ್ಗಾಬಾಯಿ ದೇಶಮುಖರ ಕೇಂದ್ರ ಸಮಾಜ ಕಲ್ಯಾಣ ಮಂಡಲಿಯು ಎಂ. ಎಸ್. ಗೋರೆಯವರ ನೇತೃತ್ವದಲ್ಲಿ ನೇಮಿಸಿದ ಸಲಹಾ ಸಮಿತಿಯಿಂದ ಹಿಡಿದು 2016ರ ಮಾದರಿ ಕಾರಾಗೃಹ ಕೈಪಿಡಿಯವರೆಗೆ, ನಂತರದ ಆರೈಕೆಯ ಯೋಜನೆಗಳೆಲ್ಲ ಮುಖ್ಯವಾಗಿ ಶಿಕ್ಷಾಬಂಧಿಯನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡವು. ಕೆಲಸ ಕಲಿಸುವುದು, ಕೂಲಿ ಕೂಡಿಡುವುದು, ಬಿಡುಗಡೆಗೆ ಮುನ್ನ ಮನೆಯನ್ನು ಸಂಪರ್ಕಿಸುವುದು, ಇವೆಲ್ಲಕ್ಕೂ ಬಿಡುಗಡೆಯ ದಿನ ಮೊದಲೇ ಗೊತ್ತಿರಬೇಕು. ವಿಚಾರಣಾಧೀನಳ ಬಿಡುಗಡೆಯ ದಿನ ಯಾರಿಗೂ ಗೊತ್ತಿರುವುದಿಲ್ಲ. ಎರಡು ವರ್ಷ ಒಳಗಿದ್ದವಳು ಒಂದು ಸಂಜೆ ಆದೇಶ ತಲುಪಿತೆಂದು ಹೊರಬರುತ್ತಾಳೆ, ಕೈಯಲ್ಲಿ ಕೂಲಿಯೂ ಇಲ್ಲ, ಕಲಿತ ಕಸುಬೂ ಇಲ್ಲ. ಮರುನೆಲೆಯ ಪ್ರಶ್ನೆ ಹೆಚ್ಚಿನವರ ಪಾಲಿಗೆ ಶಿಕ್ಷೆ ಮುಗಿದಾಗಲ್ಲ, ಜಾಮೀನು ಸಿಕ್ಕಾಗಲೇ ಏಳುತ್ತದೆ.

ಆಳಂದ ತಾಲೂಕಿನಲ್ಲಿ ಹುಟ್ಟಿ ಅಕ್ಕಲಕೋಟೆಯ ಹಳ್ಳಿಯೊಂದಕ್ಕೆ ಮದುವೆಯಾಗಿ ಹೋದ ಹೆಣ್ಣುಮಗಳೊಬ್ಬಳನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಎರಡು ಊರುಗಳ ನಡುವೆ ಬಸ್ಸಿನ ಒಂದೆರಡು ಗಂಟೆಯ ದಾರಿ. ಮಾತು, ಜಾತ್ರೆ, ಮಠ, ರೊಟ್ಟಿ, ಎಲ್ಲವೂ ಒಂದೇ. ಆಕೆಯ ಮೇಲಿನ ಆರೋಪ ಗಂಡನ ಮನೆಯೊಳಗಿನ ಸಾವೊಂದಕ್ಕೆ ಸಂಬಂಧಿಸಿದ್ದು ಎನ್ನೋಣ. ಶಿಕ್ಷೆಗೊಳಗಾದ ಹೆಣ್ಣುಮಕ್ಕಳಲ್ಲಿ ಕೊಲೆ ಮತ್ತು ವರದಕ್ಷಿಣೆ ಸಾವಿನ ಪ್ರಕರಣಗಳ ಪಾಲು ದೊಡ್ಡದು, ಮತ್ತು ಎರಡನೆಯದಂತೂ ಹೆಸರಿನಲ್ಲೇ ಮನೆಯನ್ನು ಹೊತ್ತಿದೆ. ಜಾಮೀನು ಮಂಜೂರಾಯಿತು. ಗಂಡನ ಮನೆಯವರು ನಿಲ್ಲುವುದಿಲ್ಲ, ಅವರೇ ದೂರುದಾರರು. ಆಳಂದದ ಅಣ್ಣ ಬರುತ್ತಾನೆ. ಅವನ ಕೈಯಲ್ಲಿ ಕನ್ನಡದ ಪಹಣಿ ಇದೆ. ಸೊಲ್ಲಾಪುರದ ನ್ಯಾಯಾಲಯದ ಕಣ್ಣಿಗೆ ಪರಿಚಿತವಾದದ್ದು ತಲಾಠಿ ಕೊಡುವ ಸಾತ್-ಬಾರಾ ಉತಾರ. ಹೊಸೂರಿನಲ್ಲಾಗಿದ್ದರೆ ಚಿಟ್ಟಾ, ಆದವಾನಿಯಲ್ಲಾಗಿದ್ದರೆ ಅಡಂಗಲ್, ಕಾಸರಗೋಡಿನಲ್ಲಾಗಿದ್ದರೆ ಭೂಕಂದಾಯದ ರಸೀದಿ. ಒಂದೇ ನೆಲದ ಒಂದೇ ಬಗೆಯ ಒಡೆತನವನ್ನು ಹೇಳುವ ಐದು ಕಾಗದಗಳು ಇವು. ಗಡಿ ದಾಟಿದೊಡನೆ ಒಂದು ಇನ್ನೊಂದಕ್ಕೆ ಓದಲಾಗದ ಬರಹವಾಗುತ್ತದೆ. ಅಣ್ಣನ ಪಹಣಿಯನ್ನು ಅನುವಾದ ಮಾಡಿಸಿ, ದೃಢೀಕರಿಸಿ, ಆಸ್ತಿಯ ಬೆಲೆಯ ಪ್ರಮಾಣಪತ್ರ ತರಿಸುವಷ್ಟರಲ್ಲಿ ವಾರಗಳು ಕಳೆಯುತ್ತವೆ.

2023ರ ಜನವರಿ 31ರಂದು ಸರ್ವೋಚ್ಚ ನ್ಯಾಯಾಲಯ ಈ ಬಗ್ಗೆ ಮತ್ತೆ ಮಾತನಾಡಬೇಕಾಯಿತು. ಜಾಮೀನು ಆದೇಶದ ಪ್ರತಿ ಸೆರೆಮನೆಗೆ ಮಿಂಚಂಚೆಯಲ್ಲಿ ಹೋಗಬೇಕು, ಏಳು ದಿನದೊಳಗೆ ಬಿಡುಗಡೆಯಾಗದಿದ್ದರೆ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು ಎಂದು ನಿರ್ದೇಶಿಸಿದ ಅದು, ಬಿಡುಗಡೆ ತಡವಾಗಲು ಸ್ಥಳೀಯ ಜಾಮೀನುದಾರನನ್ನೇ ಕೇಳುವುದೂ ಒಂದು ಕಾರಣವೆಂದು ಗುರುತಿಸಿ, ಅಂಥ ಷರತ್ತನ್ನು ಬಿಡಲು ಸೂಚಿಸಿತು. ಮೋತಿರಾಮನ ತೀರ್ಪಿಗೂ ಈ ಸೂಚನೆಗೂ ನಡುವೆ ನಲವತ್ತನಾಲ್ಕು ವರ್ಷಗಳ ಅಂತರ. ಅದೇ 2023ರಲ್ಲಿ ಕೇಂದ್ರ ಸರ್ಕಾರ ಬಡ ಕೈದಿಗಳ ನೆರವಿನ ಯೋಜನೆಯನ್ನು ತಂದು, ಜಾಮೀನಿಗಾಗಿ 40,000 ರೂಪಾಯಿವರೆಗೆ, ದಂಡ ತೆರಲಾಗದವರಿಗೆ 25,000 ರೂಪಾಯಿವರೆಗೆ ಸಹಾಯಕ್ಕೆ ಅವಕಾಶ ಮಾಡಿತು. ಹಣದ ತೊಡಕಿಗೆ ಇದು ಒಂದು ಉತ್ತರ. ಆದರೆ ಅಣ್ಣನ ಕೈಯಲ್ಲಿ ನೆಲವೂ ಇದ್ದು ಕಾಗದವೂ ಇದ್ದು, ಆ ಕಾಗದವನ್ನು ಓದುವವರಿಲ್ಲದ ತೊಡಕು ಹಣದ್ದಲ್ಲ.

‘ಬಿಡುಗಡೆ’ಯ ಅರ್ಥಗಳು

ಜಾಮೀನು ಎಂಬ ಪದ ಗಡಿಯ ಎರಡೂ ಬದಿಗೆ ಹೆಚ್ಚುಕಡಿಮೆ ಒಂದೇ. ಮರಾಠಿಯಲ್ಲಿ ಜಾಮೀನ್, ಮಲಯಾಳದಲ್ಲಿ ಜಾಮ್ಯಂ, ತಮಿಳಿನಲ್ಲಿ ಜಾಮೀನ್. ಅಪಾಯವಿರುವುದು ಇದರ ಮುಂದಿನ ಪದದಲ್ಲಿ. ಕನ್ನಡದಲ್ಲಿ ಜಾಮೀನಿನ ಮೇಲೆ ಹೊರಬರುವುದೂ ಬಿಡುಗಡೆ, ಶಿಕ್ಷೆ ಮುಗಿದು ಹೊರಬರುವುದೂ ಬಿಡುಗಡೆ, ಆಡುಮಾತಿನಲ್ಲಿ ಖುಲಾಸೆಯಾಗುವುದೂ ಬಿಡುಗಡೆಯೇ. ತಮಿಳಿನ ‘ವಿಡುದಲೈ’ ಸೆರೆಯಿಂದ ಹೊರಬರುವುದಕ್ಕೂ ನಿರ್ದೋಷಿಯೆಂದು ತೀರ್ಪಾಗುವುದಕ್ಕೂ ಸಲ್ಲುತ್ತದೆ. ಮಲಯಾಳದಲ್ಲಿ ನಿರ್ದೋಷಿಯೆಂಬ ತೀರ್ಪಿಗೆ ‘ವೆಱುದೆ ವಿಟ್ಟು’ ಎನ್ನುತ್ತಾರೆ. ಅಕ್ಷರಶಃ ಸುಮ್ಮನೆ ಬಿಟ್ಟರು ಎಂದು. ಕಣ್ಣೂರಿನಲ್ಲೋ ಕೊಯಮತ್ತೂರಿನಲ್ಲೋ ಯಾರೋ ಅವಸರದಲ್ಲಿ ‘ನಿನ್ನನ್ನು ಬಿಟ್ಟಿದ್ದಾರೆ, ಹೋಗು’ ಎಂದು ಅರ್ಧ ಕನ್ನಡದಲ್ಲಿ ಹೇಳಿದರೆ, ಕೇಳಿದವಳು ಪ್ರಕರಣವೇ ಮುಗಿಯಿತೆಂದು ತಿಳಿಯುವುದರಲ್ಲಿ ಆಶ್ಚರ್ಯವಿಲ್ಲ. ಮುಂದಿನ ತಾರೀಖಿಗೆ ಆಕೆ ಹಾಜರಾಗುವುದಿಲ್ಲ. ವಾರಂಟು ಹೊರಡುತ್ತದೆ, ಅಣ್ಣನ ಮುಚ್ಚಳಿಕೆ ಮುಟ್ಟುಗೋಲಿಗೆ ಬರುತ್ತದೆ, ಹಾಜರಾಗದಿರುವುದೇ ಒಂದು ವರ್ಷದವರೆಗೆ ಶಿಕ್ಷೆಯುಳ್ಳ ಹೊಸ ಅಪರಾಧವಾಗುತ್ತದೆ. ಆಕೆ ಮತ್ತೆ ಒಳಗೆ ಹೋದರೆ ದಾಖಲೆಯಲ್ಲಿ ಅದು ತಪ್ಪಿಸಿಕೊಂಡವಳ ಕಥೆ. ಎರಡನೆಯ ಸಲ ಆ ಅಣ್ಣ ಬರುವುದಿಲ್ಲ.

ಗಡಿನಾಡಿನ ಹೆಣ್ಣುಮಗಳ ದ್ವಿಭಾಷಿಕತೆ ಇಲ್ಲಿ ಆಕೆಗೇ ಎದುರಾಗಿ ನಿಲ್ಲುತ್ತದೆ. ಸಂತೆಯಲ್ಲಿ, ಬೀಡಿಯ ಕಂಪನಿಯಲ್ಲಿ, ಆಸ್ಪತ್ರೆಯಲ್ಲಿ ನಡೆಯುವಷ್ಟು ಮರಾಠಿಯೋ ಮಲಯಾಳವೋ ತೆಲುಗೋ ಆಕೆಗೆ ಬಂದೇ ಬರುತ್ತದೆ. ಓದಲು ಬರೆಯಲು ಮಾತ್ರ ಬರುವುದಿಲ್ಲ. ಅಥವಾ ಕನ್ನಡ ಶಾಲೆಯ ನಾಲ್ಕು ತರಗತಿಯ ಕನ್ನಡ ಬರುತ್ತದೆ. ಪೊಲೀಸರ ಮುಂದೆ, ನ್ಯಾಯಾಲಯದ ಮುಂದೆ ಆಕೆ ಎರಡು ವಾಕ್ಯ ಮರಾಠಿ ಆಡಿದಳೆಂದರೆ ‘ಭಾಷೆ ತಿಳಿದಿದೆ’ ಎಂದಾಯಿತು. ಆರೋಪಿಗೆ ತಿಳಿಯದ ಭಾಷೆಯ ಸಾಕ್ಷ್ಯವನ್ನು ತಿಳಿಯುವ ಭಾಷೆಯಲ್ಲಿ ಹೇಳಬೇಕೆಂಬ 1973ರ ದಂಡ ಪ್ರಕ್ರಿಯಾ ಸಂಹಿತೆಯ 279ನೇ ಕಲಮು, ಕೇಳಿದರೆ ತೀರ್ಪಿನ ಪ್ರತಿಯನ್ನು ಸಾಧ್ಯವಾದಲ್ಲಿ ಆಕೆಯ ಭಾಷೆಗೆ ಅನುವಾದಿಸಿ ಕೊಡಬೇಕೆಂಬ 363ನೇ ಕಲಮು, ಎರಡೂ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಉಳಿದುಕೊಂಡಿವೆ. ಬಂಗಾಳದಿಂದ ಬಂದು ಸೊಲ್ಲಾಪುರದಲ್ಲಿ ಬಂಧಿತಳಾದವಳಿಗೆ ಇವು ನೆನಪಾಗಬಹುದು. ಮೂರು ತಲೆಮಾರಿನಿಂದ ಅಕ್ಕಲಕೋಟೆಯಲ್ಲೇ ಇರುವವಳಿಗೆ ಇವು ಬೇಕೆಂದು ಯಾರಿಗೂ ತೋಚುವುದಿಲ್ಲ. ಕಾಸರಗೋಡಿನಲ್ಲಂತೂ ಇನ್ನೊಂದು ಸುತ್ತಿದೆ. ಮನೆಮಾತು ತುಳುವೋ ಕೊಂಕಣಿಯೋ ಬ್ಯಾರಿಯೋ ಆಗಿದ್ದು, ಅಕ್ಷರ ಕಲಿತದ್ದು ಮಾತ್ರ ಕನ್ನಡದಲ್ಲಿ. ಮಾತೃಭಾಷೆ ಯಾವುದು ಎಂಬ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಿದರೆ ಆಕೆಗೆ ಓದಲು ಬರುವ ಏಕೈಕ ಭಾಷೆ ಕಾಗದದಿಂದ ಬಿಟ್ಟುಹೋಗುತ್ತದೆ. ಕೇಳಬೇಕಾದದ್ದು, ಯಾವ ಭಾಷೆ ಓದಬಲ್ಲೆ ಎಂದು.

ಮಹಿಳಾ ಕೈದಿಗಳ ಕುರಿತು 2010ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಬ್ಯಾಂಕಾಕ್ ನಿಯಮಗಳು ಎರಡನೆಯ ನಿಯಮದಲ್ಲೇ ತಿಳಿಯುವ ಭಾಷೆಯ ಮಾತನ್ನು ಎತ್ತಿವೆ. ಆದರೆ ಅದು ಸೆರೆಮನೆಯೊಳಗೆ ಕಾಲಿಡುವ ಹೊತ್ತಿನ ಮಾತು. ಬಿಡುಗಡೆಯ ಪೂರ್ವ-ನಂತರದ ಮರುಸೇರ್ಪಡೆಯನ್ನು ಹೇಳುವ 46, 47ನೇ ನಿಯಮಗಳಲ್ಲಿ ಸೆರೆಮನೆ, ಪ್ರೊಬೇಷನ್, ಸಮಾಜ ಕಲ್ಯಾಣ, ಸ್ಥಳೀಯ ಗುಂಪುಗಳ ಸಹಕಾರದ ಪ್ರಸ್ತಾಪವಿದೆ, ಭಾಷೆಯ ಪ್ರಸ್ತಾಪವಿಲ್ಲ. ಹೊರಗೆ ಕಾಲಿಡುವಾಗ ಎಲ್ಲರೂ ತಮ್ಮ ಭಾಷೆಯೊಳಕ್ಕೇ ಕಾಲಿಡುತ್ತಾರೆ ಎಂಬುದು ಅಲ್ಲಿರುವ ಎಣಿಕೆ.

ಎರಡು ಮನೆಗಳ ನಡುವೆ

ಬಿಡುಗಡೆಯಾದ ಗಂಡಸು ಸಾಮಾನ್ಯವಾಗಿ ತನ್ನ ಮನೆಗೆ ಹೋಗುತ್ತಾನೆ. ಹೆಂಗಸಿನ ಎದುರು ಎರಡು ಮನೆಗಳಿವೆ, ಎರಡೂ ಆಕೆಯವಲ್ಲ ಎನ್ನುವ ಸಾಧ್ಯತೆಯೂ ಇದೆ. ಗಡಿ ಭಾಗದಲ್ಲಿ ಮದುವೆಗಳು ರಾಜ್ಯದ ಗೆರೆಯನ್ನು ಲೆಕ್ಕಿಸಿದವಲ್ಲ. ಜತ್ತಿಗೂ ಅಥಣಿ ವಿಜಯಪುರಗಳಿಗೂ, ಆದವಾನಿಗೂ ಸಿರುಗುಪ್ಪಕ್ಕೂ, ರಾಯದುರ್ಗಕ್ಕೂ ಬಳ್ಳಾರಿ ಮೊಳಕಾಲ್ಮೂರುಗಳಿಗೂ, ಮಡಕಶಿರಾಕ್ಕೂ ಪಾವಗಡ ಶಿರಾಗಳಿಗೂ, ತಾಳವಾಡಿಗೂ ಚಾಮರಾಜನಗರಕ್ಕೂ ಹೆಣ್ಣು ಕೊಟ್ಟು ತರುವ ನಂಟು 1956ಕ್ಕಿಂತ ಹಳೆಯದು. ಆದ್ದರಿಂದ ಗಂಡನ ಮನೆಯ ಬಾಗಿಲು ಮುಚ್ಚಿದಾಗ ತವರಿನ ಕಡೆಗೆ ತಿರುಗುವುದೆಂದರೆ ಅನೇಕ ಸಲ ಇನ್ನೊಂದು ರಾಜ್ಯಕ್ಕೆ ತಿರುಗುವುದು. ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಕೊಟ್ಟಿದ್ದ ಮದುವೆಯಾದರೆ ಪರಿಸ್ಥಿತಿ ಇನ್ನೂ ಬಿಗಿ. ಸತ್ತವನು ತವರಿಗೂ ಬೇಕಾದವನೇ ಆಗಿದ್ದರೆ, ಒಂದೇ ಸಾವು ಎರಡೂ ಮನೆಗಳನ್ನು ಮುಚ್ಚುತ್ತದೆ. ರಕ್ತಸಂಬಂಧದ ಮದುವೆ ಹೆಣ್ಣಿಗೆ ಭದ್ರತೆ ಎನ್ನುವ ಮಾತಿಗೆ ಇದು ಇನ್ನೊಂದು ಮಗ್ಗುಲು.

ಶಿಕ್ಷಾಬಂಧಿಯ ಪೆರೋಲಿಗಾಗಲಿ ಅವಧಿಪೂರ್ವ ಬಿಡುಗಡೆಗಾಗಲಿ, ಆಕೆ ಹೋಗಲಿರುವ ಮನೆಯ ಬಗ್ಗೆ ಪೊಲೀಸರಿಂದಲೋ ಪ್ರೊಬೇಷನ್ ಅಧಿಕಾರಿಯಿಂದಲೋ ವರದಿ ಬರಬೇಕು. ಮನೆಯವರು ಆಕೆಯನ್ನು ಸೇರಿಸಿಕೊಳ್ಳುತ್ತಾರೆಯೆ, ಊರಿನಲ್ಲಿ ಶಾಂತಿಭಂಗವಾದೀತೆ ಎಂಬುವು ಅದರ ಮುಖ್ಯ ಪ್ರಶ್ನೆಗಳು. ತವರು ಪರರಾಜ್ಯದಲ್ಲಿದ್ದರೆ ಈ ವಿಚಾರಣೆ ಪತ್ರದ ಮೂಲಕ ಆ ರಾಜ್ಯದ ಕಚೇರಿಗೆ ಹೋಗಿ, ಅಲ್ಲಿಂದ ಠಾಣೆಗೆ ಇಳಿದು, ಮತ್ತೆ ಹತ್ತಿ ಬರಬೇಕು. ಗಂಡನ ಮನೆಯ ಊರಿನಲ್ಲಾದರೆ ಕನ್ನಡದ ಮನೆಯೊಳಗೆ ಇನ್ನೊಂದು ಭಾಷೆಯ ಅಧಿಕಾರಿ ಕುಳಿತು ಕೇಳುತ್ತಾನೆ. ಭಾಷಾಶಾಸ್ತ್ರದ ಪರಿಚಯವುಳ್ಳವರಿಗೆ ಇಲ್ಲಿನ ಅಪಾಯ ಸುಲಭವಾಗಿ ಹೊಳೆಯುತ್ತದೆ. ‘ಬಂದರೆ ಹೊರಗೆ ಹಾಕೋಕಾಗ್ತದಾ?’ ಎಂಬುದು ಪ್ರಶ್ನೆಯ ರೂಪದ ಒಪ್ಪಿಗೆ. ‘ನೋಡೋಣ, ದೇವರಿದ್ದಾನೆ’ ಎಂಬುದು ಮರ್ಯಾದೆಯ ನಿರಾಕರಣೆ. ‘ಅವಳ ಮನೆ ಅಲ್ಲೇ ಇದೆಯಲ್ಲ’ ಎಂದು ತಾಯಿ ಹೇಳಿದರೆ ಅದು ವಿಳಾಸದ ಮಾಹಿತಿಯಲ್ಲ, ಬಾಗಿಲು ಹಾಕಿದ ಸದ್ದು. ವರದಿಯ ನಮೂನೆಯಲ್ಲಿ ಇವೆಲ್ಲ ‘ಕುಟುಂಬ ಒಪ್ಪಿದೆ’ ಅಥವಾ ‘ಒಪ್ಪಿಲ್ಲ’ ಎಂಬ ಎರಡೇ ಮನೆಗಳಲ್ಲಿ ಕೂರಬೇಕು. ತಪ್ಪು ಮನೆಯಲ್ಲಿ ಕೂತ ಒಂದು ವಾಕ್ಯದಿಂದ ಪೆರೋಲು ತಪ್ಪಬಹುದು. ಅದಕ್ಕಿಂತ ಕೆಟ್ಟದ್ದೆಂದರೆ, ಬೇಡವೆಂದ ಮನೆಗೇ ಆಕೆಯನ್ನು ಕಳಿಸಬಹುದು.

ಒಪ್ಪಿಗೆಗೆ ಬೆಲೆಯೂ ಇರುತ್ತದೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಆಂಧ್ರದಲ್ಲಿ 1986ರ, ತಮಿಳುನಾಡಿನಲ್ಲಿ 1989ರ, ಕರ್ನಾಟಕ ಮತ್ತು ಮಹಾರಾಷ್ಟ್ರಗಳಲ್ಲಿ 1994ರ ತಿದ್ದುಪಡಿಗಳಿಂದ, ಕೊನೆಗೆ 2005ರಲ್ಲಿ ದೇಶಕ್ಕೆಲ್ಲ ಅನ್ವಯಿಸುವಂತೆ ಬಂದಿತು. ತವರಿನ ನಂಟು ಉಳಿಯಲೆಂದು ಅಕ್ಕತಂಗಿಯರು ಆ ಪಾಲನ್ನು ಬರೆದುಕೊಡುವುದು ಎಲ್ಲರೂ ಬಲ್ಲ ಸಂಗತಿ. ವಕೀಲರ ಖರ್ಚು ಹೊತ್ತ, ಜಾಮೀನಿಗ ನಿಂತ, ಈಗ ಮನೆಗೆ ಸೇರಿಸಿಕೊಳ್ಳುವ ಅಣ್ಣನ ಎದುರು ಸೆರೆಯಿಂದ ಬಂದ ತಂಗಿಗೆ ‘ಇಲ್ಲ’ ಎನ್ನುವ ಶಕ್ತಿ ಎಷ್ಟಿದ್ದೀತು? ಆ ಕಾಗದಕ್ಕೆ ಕನ್ನಡದಲ್ಲಿ ಹಕ್ಕು ಬಿಡುಗಡೆ ಪತ್ರವೆಂದೇ ಹೆಸರು. ಗಂಡನ ಕೊಲೆಯಲ್ಲಿ ಶಿಕ್ಷೆಯಾದವಳಿಗೆ ಹಿಂದೂ ಉತ್ತರಾಧಿಕಾರ ಕಾಯಿದೆಯ 25ನೇ ಕಲಮಿನಂತೆ ಅವನ ಆಸ್ತಿ ಮೊದಲೇ ಇಲ್ಲ. ಅಳಿಯಸಂತಾನದ ನೆನಪು ಇನ್ನೂ ಉಳಿದಿರುವ ಕಾಸರಗೋಡಿನ ಮನೆತನಗಳಲ್ಲಿ ಹೆಣ್ಣಿಗೆ ಹುಟ್ಟಿದ ಮನೆಯ ಮೇಲಿನ ಅಧಿಕಾರದ ಭಾವನೆ ಬೇರೆ. ಅಲ್ಲಿ ತವರು ಎಂಬ ಪದವನ್ನೇ ಸೊಲ್ಲಾಪುರದ ಅರ್ಥದಲ್ಲಿ ಬಳಸಲಾಗದು. ಗಡಿನಾಡು ಎಂದು ಒಂದೇ ಉಸಿರಿನಲ್ಲಿ ಹೇಳುವವರು ಈ ವ್ಯತ್ಯಾಸವನ್ನು ಮರೆಯಬಾರದು.

ಊರಿನ ಮಾತು ಇನ್ನೊಂದು. ‘ಜೈಲಿಗೆ ಹೋಗಿ ಬಂದವಳು’ ಎಂಬ ಮಾತು ಗಂಡಸಿನ ಮೇಲೆ ಕೆಲಕಾಲ ಕೂರುತ್ತದೆ, ಹೆಂಗಸಿನ ಮೇಲೆ ಮಗಳ ಮದುವೆಯವರೆಗೆ ಕೂರುತ್ತದೆ. ಜಾತಿ ಪಂಚಾಯಿತಿ ದಂಡ ಹಾಕುವುದು, ಹುಕ್ಕಾ-ನೀರು ನಿಲ್ಲಿಸುವುದು ಮಹಾರಾಷ್ಟ್ರದಲ್ಲಿ 2016ರ ಸಾಮಾಜಿಕ ಬಹಿಷ್ಕಾರ ವಿರೋಧಿ ಕಾಯಿದೆಯ ಪ್ರಕಾರ ಶಿಕ್ಷಾರ್ಹ. ಜತ್ತು, ಅಕ್ಕಲಕೋಟೆಗಳ ಕನ್ನಡತಿಗೂ ಅದು ಸಲ್ಲುತ್ತದೆ. ಆದರೆ ಸೊಲ್ಲಾಪುರ, ವಿಜಯಪುರಗಳ ಕಡೆಯ ಪಾರಧಿ, ಕೈಕಾಡಿಯಂಥ ಸಮುದಾಯಗಳ ಹೆಣ್ಣಿಗೆ ಕಳಂಕ ಸೆರೆಮನೆಯಿಂದ ಶುರುವಾದುದಲ್ಲ. ಮುಂಬಯಿ ಪ್ರಾಂತ್ಯದ ಕಾಲದಲ್ಲಿ ಸೊಲ್ಲಾಪುರ, ಬಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ ಅಪರಾಧಿ ಬುಡಕಟ್ಟುಗಳೆಂದು ಹೆಸರಿಸಿ ಜನರನ್ನು ವಸಾಹತುಗಳಲ್ಲಿ ಕೂಡಿಟ್ಟಿದ್ದರು. ಆ ಕಾನೂನು 1952ರ ಆಗಸ್ಟ್ 31ರಂದು ರದ್ದಾಯಿತು. ಸೆರೆಮನೆಯ ದಾಖಲೆಗಳಲ್ಲಿನ ಜಾತಿಯ ಕಲಮನ್ನು ಅಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 2024ರ ಅಕ್ಟೋಬರಿನಲ್ಲಿ.

ಮಕ್ಕಳು, ಕಾಗದಗಳು, ಕೆಲಸ

ತಾಯಿಯೊಂದಿಗೆ ಸೆರೆಮನೆಯಲ್ಲಿ ಮಗು ಆರು ವರ್ಷ ತುಂಬುವವರೆಗೆ ಇರಬಹುದು ಎಂದು 2006ರ ಆರ್. ಡಿ. ಉಪಾಧ್ಯಾಯ ಪ್ರಕರಣದ ತೀರ್ಪು ನಿಗದಿ ಮಾಡಿತು. ಅಲ್ಲೇ ಹುಟ್ಟಿದ ಮಗುವಿನ ಜನನ ಪತ್ರದಲ್ಲಿ ಸೆರೆಮನೆಯನ್ನು ಹುಟ್ಟಿದ ಸ್ಥಳವೆಂದು ಬರೆಯಬಾರದೆಂದೂ ಅದು ಹೇಳಿತು. ಆರರ ನಂತರ ಮಗು ಬಂಧುಗಳ ಮನೆಗೆ, ಇಲ್ಲವೆ ಮಕ್ಕಳ ನಿಲಯಕ್ಕೆ. ಆರು ವರ್ಷ ಎಂದರೆ ಒಂದನೆಯ ತರಗತಿಯ ವಯಸ್ಸು, ಅಕ್ಷರ ಹಿಡಿಯುವ ವಯಸ್ಸು. ನಿಲಯ ಇರುವುದು ಸೆರೆಮನೆಯ ಊರಿನಲ್ಲಿ, ಆ ಊರಿನ ಶಾಲೆಯ ಭಾಷೆಯಲ್ಲಿ. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣಕ್ಕೆ ಏರ್ಪಾಡು ಮಾಡಬೇಕೆಂಬ ಸಂವಿಧಾನದ 350ಎ ವಿಧಿಯನ್ನು ನಿಲಯದ ಒಂದು ಕನ್ನಡ ಮಗುವಿಗೆ ಅನ್ವಯಿಸುವುದು ಆಡಳಿತಕ್ಕೆ ಊಹಿಸಲೂ ಕಷ್ಟ. ಏಳೆಂಟು ವರ್ಷದ ಮೇಲೆ ಹೊರಬಂದ ತಾಯಿ ತನ್ನ ಮಗನನ್ನು ಕರೆದುಕೊಂಡು ತವರಿಗೆ ಹೋಗುವಾಗ ಅವನು ಪುಣೆಯ ಮರಾಠಿಯಲ್ಲಿ ಯೋಚಿಸುವ, ಅಜ್ಜಿಯ ಮಾತು ಅರ್ಧ ಮಾತ್ರ ತಿಳಿಯುವ, ಕನ್ನಡ ಶಾಲೆಯ ಎಂಟನೆಯ ತರಗತಿಗೆ ಸೇರಿಸಲಾಗದ ಹುಡುಗನಾಗಿರುತ್ತಾನೆ. ಅವನ ಓದಿಗಾಗಿ ಆಕೆ ಅಲ್ಲೇ ಉಳಿಯಬೇಕು, ಇಲ್ಲವೆ ತವರಿಗಾಗಿ ಅವನ ಓದು ಬಿಡಿಸಬೇಕು. ಮರುನೆಲೆಯ ಸಾಹಿತ್ಯದಲ್ಲಿ ಈ ಆಯ್ಕೆಗೆ ಹೆಸರೇ ಇಲ್ಲ.

ಕಾಗದಗಳ ಕಥೆಯೂ ಗಡಿಯದೇ. 2013ರ ಆಹಾರ ಭದ್ರತಾ ಕಾಯಿದೆ ಮನೆಯ ಹಿರಿಯ ಹೆಣ್ಣನ್ನು ಪಡಿತರ ಚೀಟಿಯ ಯಜಮಾನಿಯನ್ನಾಗಿ ಮಾಡಿದೆ. ಆಕೆ ಸೆರೆಗೆ ಹೋದರೆ ಹೆಸರು ಬಿದ್ದುಹೋಗುವುದಕ್ಕೆ ತಡವಾಗುವುದಿಲ್ಲ. ಒಂದು ದೇಶ ಒಂದು ಪಡಿತರ ಚೀಟಿಯ ಏರ್ಪಾಡು 2022ರ ಹೊತ್ತಿಗೆ ಎಲ್ಲ ರಾಜ್ಯಗಳಿಗೂ ಹಬ್ಬಿದೆ. ಅದು ಇರುವ ಚೀಟಿಯನ್ನು ಗಡಿಯಾಚೆ ನಡೆಸುತ್ತದೆ, ಇಲ್ಲದ ಚೀಟಿಯನ್ನು ಹುಟ್ಟಿಸುವುದಿಲ್ಲ. ಜಾತಿ ಪತ್ರದ ತೊಡಕು ಇದಕ್ಕಿಂತ ಆಳ. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಆಂಧ್ರ ತೆಲಂಗಾಣಗಳಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಹುಟ್ಟಿದ ರಾಜ್ಯ ಒಂದು, ಮದುವೆಯಾದ ರಾಜ್ಯ ಒಂದು, ಹೊರಬಂದ ಸೆರೆಮನೆ ಇನ್ನೊಂದು ಊರಿನದಾದ ಲಂಬಾಣಿ ಹೆಣ್ಣು ಯಾವ ನಿಗಮದ ಸಾಲಕ್ಕೆ ಅರ್ಜಿ ಹಾಕಬೇಕು ಎಂಬುದಕ್ಕೆ ಮೂರು ಕಚೇರಿಗಳಲ್ಲಿ ಮೂರು ಉತ್ತರ ಸಿಗುತ್ತವೆ.

ಆಸರೆಗೆ ಮನೆಯೇ ಇಲ್ಲದವಳಿಗೆ ಸ್ವಾಧಾರ ಯೋಜನೆ ಇತ್ತು. ಸೆರೆಯಿಂದ ಬಂದ, ಕುಟುಂಬದ ಆಧಾರವಿಲ್ಲದ ಹೆಣ್ಣುಮಕ್ಕಳನ್ನು ಅದು ಹೆಸರಿಸಿಯೇ ಸೇರಿಸಿಕೊಂಡಿತ್ತು. ಈಗ ಅದು ಮಿಷನ್ ಶಕ್ತಿಯ ಶಕ್ತಿ ಸದನದೊಳಗೆ ಸೇರಿದೆ. ಕೆಲಸದ ವಿಷಯದಲ್ಲಿ ಹೊಸ ಪ್ರಯತ್ನಗಳು ಇಲ್ಲದಿಲ್ಲ. ಚೆನ್ನೈನ ಪುಳಲಿನಲ್ಲಿ 2023ರಲ್ಲಿ ಮಹಿಳಾ ಕೈದಿಗಳೇ ನಡೆಸುವ ಪೆಟ್ರೋಲ್ ಬಂಕ್ ತೆರೆಯಿತು. ಮಹಾರಾಷ್ಟ್ರದ ‘ಜಿವ್ಹಾಳಾ’ ಯೋಜನೆ 2022ರಿಂದ ಶಿಕ್ಷಾಬಂಧಿಗಳಿಗೆ 50,000 ರೂಪಾಯಿವರೆಗೆ ಸಾಲ ಕೊಡುತ್ತಿದೆ. ಮುಂಬಯಿಯಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ‘ಪ್ರಯಾಸ್’ 1990ರಿಂದ ಸೆರೆಮನೆಗೂ ಹೊರಜಗತ್ತಿಗೂ ನಡುವೆ ಸಮಾಜಕಾರ್ಯಕರ್ತರನ್ನು ಇರಿಸಿ ದುಡಿಯುತ್ತಿದೆ. ಇವೆಲ್ಲ ಮಹಾನಗರದ ಸುತ್ತಲಿನ ಕೆಲಸಗಳು. ಗಡಿಯ ಹೆಣ್ಣುಮಗಳಿಗೆ ಹಳೆಯ ಕಸುಬುಗಳೇ ಬೇಗ ಬಾಗಿಲು ತೆರೆಯುತ್ತವೆ. ರಾಯದುರ್ಗದ, ಗಡಿಯಾಚೆಯ ಬಳ್ಳಾರಿಯ ಜೀನ್ಸ್ ಹೊಲಿಗೆಗೆ ಸೆರೆಮನೆಯಲ್ಲಿ ಕಲಿತ ಟೈಲರಿಂಗ್ ನೇರವಾಗಿ ಸಲ್ಲುತ್ತದೆ. ತುಂಡಿಗಿಷ್ಟು ಎಂದು ಕೂಲಿ, ಪೂರ್ವಾಪರ ಕೇಳುವವರಿಲ್ಲ. ಸೊಲ್ಲಾಪುರದ, ಕಾಸರಗೋಡಿನ ಬೀಡಿಯೂ ಹಾಗೆಯೇ. ಬೀಡಿ ಕಾರ್ಮಿಕಳ ಗುರುತಿನ ಚೀಟಿ ಕೇಂದ್ರದ ಕ್ಷೇಮನಿಧಿಗೆ ಸೇರಿದ್ದಾದ್ದರಿಂದ, ರಾಜ್ಯದ ಗಡಿ ಅಷ್ಟಾಗಿ ಅಡ್ಡಬರದ ಕೆಲವೇ ಕಾಗದಗಳಲ್ಲಿ ಅದೂ ಒಂದು.

ಇರುವ ದಾರಿಗಳು

ಸೆರೆಮನೆ ರಾಜ್ಯದ ವಿಷಯ ಎಂಬ ಮಾತಿನಿಂದ ಇಂಥ ಚರ್ಚೆಗಳು ಸಾಮಾನ್ಯವಾಗಿ ನಿಂತುಹೋಗುತ್ತವೆ. ಸಂವಿಧಾನದ ರಾಜ್ಯಪಟ್ಟಿಯ ನಾಲ್ಕನೆಯ ನಮೂದನ್ನು ಪೂರ್ತಿ ಓದುವವರು ಕಡಿಮೆ. ಸೆರೆಮನೆಗಳನ್ನೂ ಅಲ್ಲಿನ ಬಂಧಿಗಳನ್ನೂ ಹೆಸರಿಸಿದ ಮೇಲೆ, ಅವುಗಳ ಬಳಕೆಗಾಗಿ ಇತರ ರಾಜ್ಯಗಳೊಡನೆ ಮಾಡಿಕೊಳ್ಳುವ ಏರ್ಪಾಡುಗಳನ್ನೂ ಆ ನಮೂದು ಸೇರಿಸಿಕೊಂಡಿದೆ. ಅದಕ್ಕೆ ತಕ್ಕಂತೆ 1950ರ ಕೈದಿಗಳ ವರ್ಗಾವಣೆ ಕಾಯಿದೆ, ಎರಡೂ ಸರ್ಕಾರಗಳು ಒಪ್ಪಿದರೆ, ಶಿಕ್ಷಾಬಂಧಿಯನ್ನು ಇನ್ನೊಂದು ರಾಜ್ಯದ ಸೆರೆಮನೆಗೆ ಕಳಿಸಲು ಅನುವು ಮಾಡಿದೆ. ತವರು ಕರ್ನಾಟಕದಲ್ಲಿದ್ದು ಅಲ್ಲಿಗೇ ಮರಳಬೇಕೆನ್ನುವವಳು ಶಿಕ್ಷೆಯ ಕೊನೆಯ ವರ್ಷವನ್ನು ತುಮಕೂರಿನ ಮಹಿಳಾ ಕಾರಾಗೃಹದಲ್ಲೋ ಪರಪ್ಪನ ಅಗ್ರಹಾರದಲ್ಲೋ ಕಳೆದರೆ, ಬಿಡುಗಡೆಯ ಪೂರ್ವದ ವಿಚಾರಣೆ, ಪಡಿತರ, ಬ್ಯಾಂಕು ಖಾತೆ ಎಲ್ಲವೂ ಆಕೆ ಇರಲಿರುವ ರಾಜ್ಯದಲ್ಲೇ ಆರಂಭವಾಗುತ್ತವೆ. ಈ ಕಾಯಿದೆ ವಿಚಾರಣಾಧೀನರಿಗೆ ಅನ್ವಯಿಸುವುದಿಲ್ಲ ಎಂಬುದು ಅದರ ಮಿತಿ.

ವಿಚಾರಣಾಧೀನಳಿಗೆ ಉಳಿಯುವ ದಾರಿ ಕಾನೂನು ಸೇವಾ ಪ್ರಾಧಿಕಾರ. 1987ರ ಕಾಯಿದೆಯ 12ನೇ ಕಲಮಿನಂತೆ ಹೆಣ್ಣೆಂಬ ಕಾರಣಕ್ಕೂ ಬಂಧನದಲ್ಲಿದ್ದಾಳೆಂಬ ಕಾರಣಕ್ಕೂ ಆದಾಯ ನೋಡದೆ ಉಚಿತ ನೆರವಿಗೆ ಆಕೆ ಅರ್ಹಳು. ಪ್ರಾಧಿಕಾರದ ಅರೆಕಾಲಿಕ ಕಾನೂನು ಸ್ವಯಂಸೇವಕರು ಊರಿನವರೇ ಆಗಿರುತ್ತಾರೆ. ಕಾಸರಗೋಡಿನ ಪ್ರಾಧಿಕಾರ ಮಂಜೇಶ್ವರದ ಕನ್ನಡ ಬಲ್ಲವಳೊಬ್ಬಳನ್ನು ಕಣ್ಣೂರಿನ ಭೇಟಿಗೆ ಕಳಿಸಲು ಹೊಸ ಕಾನೂನು ಬೇಕಿಲ್ಲ. ಸೊಲ್ಲಾಪುರದ ಪ್ರಾಧಿಕಾರ ಕಲಬುರಗಿಯದಕ್ಕೆ ನೇರವಾಗಿ ಬರೆದು ಅಣ್ಣನ ಪಹಣಿಯನ್ನು ಪರಿಶೀಲಿಸಿ ಕೊಡುವಂತೆ ಕೇಳಬಹುದು. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕುಂದುಕೊರತೆಯ ಮನವಿ ಕೊಡಬಹುದೆಂಬ ಸಂವಿಧಾನದ 350ನೇ ವಿಧಿಗೆ ಶೇಕಡಾ 15ರ ಮಿತಿಯೂ ಇಲ್ಲ, ತಾಲೂಕಿನ ಎಲ್ಲೆಯೂ ಇಲ್ಲ. ನೆಲಕ್ಕೆ ಅಂಟದೆ ವ್ಯಕ್ತಿಯೊಡನೆ ಸೆರೆಮನೆಯ ಒಳಗೂ ಹೋಗಬಲ್ಲ ಭಾಷಾ ಹಕ್ಕು ಅದೊಂದೇ ಎನ್ನಬೇಕು. ಯೆರವಾಡದಿಂದ ಕನ್ನಡದಲ್ಲಿ ಬರೆದ ಪೆರೋಲು ಮನವಿಯನ್ನು ಭಾಷೆಯ ಕಾರಣಕ್ಕೆ ಹಿಂದಿರುಗಿಸಲು ಬಾರದು.

ಗಡಿನಾಡ ಅಧ್ಯಯನ ಕೇಂದ್ರಗಳು ಮಾಡಬಹುದಾದ ಕೆಲಸ ಇದಕ್ಕಿಂತ ಚಿಕ್ಕದು, ಆದರೆ ಬೇರೆ ಯಾರೂ ಮಾಡಲಾರದ್ದು. ಸೆರೆಮನೆಯ ಬಾಗಿಲಲ್ಲಿ ಕೊಡುವ ಒಂದು ಹಾಳೆಯನ್ನು ಮಲಯಾಳ-ಕನ್ನಡ, ತಮಿಳು-ಕನ್ನಡ, ಮರಾಠಿ-ಕನ್ನಡ, ತೆಲುಗು-ಕನ್ನಡಗಳಲ್ಲಿ ಸಿದ್ಧಪಡಿಸುವುದು. ಅದರಲ್ಲಿ ‘ಬಿಡುಗಡೆ’ ಎಂಬ ಪದವನ್ನು ಒಂಟಿಯಾಗಿ ಎಲ್ಲಿಯೂ ಬಳಸಬಾರದು. ‘ಪ್ರಕರಣ ಮುಗಿದಿದೆ’ ಅಥವಾ ‘ಪ್ರಕರಣ ಮುಗಿದಿಲ್ಲ, ಜಾಮೀನು ಮಾತ್ರ’ ಎಂಬ ಎರಡರಲ್ಲಿ ಒಂದಕ್ಕೆ ಗುರುತು, ಮುಂದಿನ ತಾರೀಖು, ಯಾವ ಊರಿನ ಯಾವ ನ್ಯಾಯಾಲಯ, ಹೋಗಲಾಗದಿದ್ದರೆ ಯಾರಿಗೆ ತಿಳಿಸಬೇಕು, ಜಾಮೀನಿಗ ನಿಂತವರ ಹೆಸರು. ಓದಲು ಬಾರದವಳಿಗೆ ಅದನ್ನು ಊರಿನಲ್ಲಿ ಓದಿ ಹೇಳಬಲ್ಲವರು ಇರುತ್ತಾರೆ, ಹಾಳೆ ಕನ್ನಡದಲ್ಲಿದ್ದರೆ. ಸಂಜೆ ಕೊಯಮತ್ತೂರಿನಿಂದ ಹೊರಟ ತಾಳವಾಡಿಯವಳು ಸತ್ಯಮಂಗಲ ಮುಟ್ಟುವಷ್ಟರಲ್ಲಿ ಕತ್ತಲಾಗುತ್ತದೆ, 27 ತಿರುವುಗಳ ದಿಂಬಂ ಘಾಟಿಯಲ್ಲಿ 2022ರಿಂದ ರಾತ್ರಿಯ ಸಂಚಾರಕ್ಕೆ ನಿರ್ಬಂಧವಿದೆ. ರಾತ್ರಿ ತಂಗಲು ಆ ಊರಿನಲ್ಲಿ ಎಲ್ಲಿ ಕೇಳಬೇಕು ಎಂಬ ಒಂದು ಸಾಲಿಗೂ ಆ ಹಾಳೆಯಲ್ಲಿ ಜಾಗ ಬೇಕು.